ಎರಡು ಆಲೂಗಡ್ಡೆ, ಎರಡೂವರೆ ಗಂಟೆ

ನಾಯಕ ಕಾಣಿಸಿಕೊಂಡೊಡನೆ ಶಿಳ್ಳೆ ಹೊಡೆಯುವ, ಮಧ್ಯಂತರದಲ್ಲಿ ಮೆಣಸಿನಕಾಯಿ ಬಜ್ಜಿಗೆ ಮುಗಿಬೀಳುವ, ಕೊನೆಯ ಹೊಡೆದಾಟ ಮುಗಿಯುವ ಮುನ್ನವೇ ಸ್ಕೂಟರ್ ತೆಗೆಯಲು ಓಡುವ ಪರಂಪರೆಯಲ್ಲಿ ಬೆಳೆದವನು ನಾನು. ಅಂಥವನನ್ನು ನಮ್ಮ ಕಚೇರಿಯ ರಾಯರು ಒಂದು ಭಾನುವಾರ ಫಿಲ್ಮ್ ಸೊಸೈಟಿಯೊಂದರ ಪ್ರದರ್ಶನಕ್ಕೆ ಕರೆದೊಯ್ದರು. ಚಿತ್ರ, ಹಂಗೇರಿಯ ಬೇಲಾ ತಾರ್ ಅವರ 2011ರ ‘ದಿ ಟ್ಯೂರಿನ್ ಹಾರ್ಸ್’. ಹೆಸರಿನಲ್ಲೇ ಕುದುರೆ ಇರುವಾಗ ಒಂದು ಚೇಸಿಂಗ್ ಆದರೂ ಇದ್ದೀತೆಂದು ಒಪ್ಪಿಕೊಂಡಿದ್ದೆ.

1889ರಲ್ಲಿ ಟ್ಯೂರಿನ್ ನಗರದ ಬೀದಿಯಲ್ಲಿ ಚಾಟಿಯೇಟು ತಿನ್ನುತ್ತಿದ್ದ ಕುದುರೆಯ ಕೊರಳನ್ನು ತತ್ತ್ವಜ್ಞಾನಿ ನೀಷೆ ತಬ್ಬಿಕೊಂಡು ಅತ್ತ ಪ್ರಸಂಗವನ್ನು ಕತ್ತಲೆಯ ತೆರೆಯಿಂದ ಒಂದು ಧ್ವನಿ ಹೇಳಿತು. ಫ್ಲ್ಯಾಶ್‌ಬ್ಯಾಕ್ ಮುಗಿಯಿತು, ಇನ್ನು ಸೇಡು ಎಂದು ನೆಟ್ಟಗೆ ಕುಳಿತೆ. ಕುದುರೆ ಗಾಡಿ ಎಳೆಯಿತು. ಎಳೆಯುತ್ತಲೇ ಹೋಯಿತು. ನಮ್ಮ ಕಡೆ ಅಷ್ಟು ಹೊತ್ತಿಗೆ ಒಂದು ಹಾಡು ಮುಗಿದು ನಾಯಕಿ ಮೂರು ಸೀರೆ ಬದಲಿಸಿರುತ್ತಾಳೆ. “ಇಡೀ ಚಿತ್ರದಲ್ಲಿ ಇರುವುದೇ ಸುಮಾರು 30 ಶಾಟ್,” ಎಂದು ರಾಯರು ಪ್ರಸಾದ ಕೊಡುವವರ ದನಿಯಲ್ಲಿ ಪಿಸುಗುಟ್ಟಿದರು.

ಹೊರಗೆ ಬಿಡದೆ ಬೀಸುವ ಗಾಳಿ, ಒಳಗೆ ಬಲಗೈ ಸ್ವಾಧೀನವಿಲ್ಲದ ಅಪ್ಪ ಮತ್ತು ಮಗಳು. ಮಗಳು ಎರಡು ಆಲೂಗಡ್ಡೆ ಬೇಯಿಸಿದಳು. ಅಪ್ಪ ಹೊಗೆಯಾಡುವ ಗಡ್ಡೆಯ ಸಿಪ್ಪೆಯನ್ನು ಒಂದೇ ಕೈಯಲ್ಲಿ ಕಿತ್ತು, ಬಾಯಿ ಸುಟ್ಟುಕೊಂಡು ತಿಂದ. ಮರುದಿನ ಮತ್ತೆ ಆಲೂಗಡ್ಡೆ. ಈ ಸಲ ಕ್ಯಾಮೆರಾ ಮಗಳ ಮುಖದ ಮೇಲೆ. “ಕೋನ ಬದಲಾಯಿತು, ಗಮನಿಸಿದಿರಾ?” ಎಂದರು ರಾಯರು. ನಾನು ಗಮನಿಸಿದ್ದು ಒಗ್ಗರಣೆ ಇಲ್ಲದಿರುವುದನ್ನು. ಒಂದು ಹಸಿಮೆಣಸಿನಕಾಯಿ, ನಾಲ್ಕು ಕರಿಬೇವಿನೆಲೆ ಬಿದ್ದಿದ್ದರೆ ಆ ಮನೆಯ ಅರ್ಧ ದುಃಖ ಕಳೆಯುತ್ತಿತ್ತೆಂದು ಈಗಲೂ ನನ್ನ ನಂಬಿಕೆ.

ನೋಡುತ್ತ ನೋಡುತ್ತ ಹಸಿವು ಹೆಚ್ಚಿತು. ಮಧ್ಯಂತರವೆಂಬುದು ಅಲ್ಲಿ ಇರಲಿಲ್ಲ. ಚೀಲದಲ್ಲಿ ಚಿಪ್ಸ್ ಪೊಟ್ಟಣವಿತ್ತು, ಅದೂ ಆಲೂಗಡ್ಡೆಯದೇ. ಗಾಳಿಯ ಸದ್ದಿನ ಮರೆಯಲ್ಲಿ ಅದನ್ನು ಒಡೆಯೋಣವೆಂದು ಹೊಂಚು ಹಾಕಿ ಕೈಯಿಟ್ಟೆ. ಹಾಳು ದೃಶ್ಯ ಅದೇ ಕ್ಷಣಕ್ಕೆ ಮನೆಯೊಳಗಿನ ಮೌನಕ್ಕೆ ತಿರುಗಿತು. ಪೊಟ್ಟಣ ಪಟಾಕಿಯಂತೆ ಸಿಡಿಯಿತು. ಮುಂದಿನ ಸಾಲಿನ ಖಾದಿ ಜುಬ್ಬಾಗಳೆಲ್ಲ ಒಟ್ಟಾಗಿ ತಿರುಗಿದವು. ರಾಯರು ನನ್ನ ಪರಿಚಯವೇ ಇಲ್ಲದವರಂತೆ ಕನ್ನಡಕ ಒರೆಸಿಕೊಂಡರು. ಬಾಯಿಗೆ ಹಾಕಿಕೊಂಡಿದ್ದ ಒಂದೇ ಒಂದು ಚಿಪ್ಸನ್ನು ಜಗಿಯಲಾಗದೆ, ಉಗುಳಲಾಗದೆ ನಾಲಿಗೆಯ ಮೇಲೆ ನೆನೆಯಲು ಬಿಟ್ಟೆ.

ಹೀಗೆ ನೆನೆಹಾಕುತ್ತ ಮೂರ‍್ನಾಲ್ಕು ದಿನ, ಅಂದರೆ ಅವರ ದಿನ, ಕಳೆದವು. ಕುದುರೆ ಮೇವು ಬಿಟ್ಟಿತು, ಬಾವಿ ಬತ್ತಿತು. ಅಪ್ಪ ಮಗಳು ಗಂಟುಮೂಟೆ ಕಟ್ಟಿ ಗುಡ್ಡದಾಚೆ ಹೋದರು. ಅಬ್ಬಾ, ಕಥೆ ಶುರುವಾಯಿತು ಎನ್ನುವಷ್ಟರಲ್ಲಿ ಅದೇ ಗಂಟುಮೂಟೆಯೊಂದಿಗೆ ಮನೆಗೇ ಮರಳಿದರು. ಏಕೆಂದು ಕೇಳಲು ರಾಯರತ್ತ ತಿರುಗಿದರೆ, ಅವರ ಕಣ್ಣು ಮುಚ್ಚಿತ್ತು. ಅದು ಧ್ಯಾನವೇ ಇರಬೇಕು. ಗೊರಕೆ ಮಾತ್ರ ತುಸು ಲೌಕಿಕವಾಗಿತ್ತು.

ಆರನೆಯ ದಿನ ದೀಪ ಹೊತ್ತಲಿಲ್ಲ, ಒಲೆಯೂ ಉರಿಯಲಿಲ್ಲ. ತಟ್ಟೆಯಲ್ಲಿದ್ದದ್ದು ಹಸಿ ಆಲೂಗಡ್ಡೆ. ಮಗಳು ಮುಟ್ಟಲಿಲ್ಲ. ತಿನ್ನಲೇಬೇಕು ಎಂದ ಅಪ್ಪ ಅದನ್ನು ಕಚ್ಚಿದ. ಕರಕ್! ಇಡೀ ಸಭಾಂಗಣಕ್ಕೆ ಕೇಳಿಸಿದ ಆ ಸದ್ದನ್ನೇ ಕಾಯುತ್ತಿದ್ದವನಂತೆ ನಾನೂ ಹೊಸದೊಂದು ಚಿಪ್ಸ್ ಕಚ್ಚಿದೆ, ಆದರೆ ಅರೆಕ್ಷಣ ತಡವಾಗಿ.

ಪಕ್ಕದ ಆಸನದ ಬಿಳಿಗಡ್ಡದ ಹಿರಿಯರು ನನ್ನತ್ತ ವಾಲಿದರು. ಬೈಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿದೆ. ಅವರು ತೆರೆಯಿಂದ ಕಣ್ಣು ಕೀಳದೆ, ಕತ್ತಲಲ್ಲಿ ಅಂಗೈ ಚಾಚಿದರು.