ಗರಡಿ ಹುಡುಗರು ಎಂಎಂಎ ಕಲಿಯಲಿ ಬಿಡಿ

ಹಾಸನದಲ್ಲಿ ಎಂಎಂಎ (ಮಿಕ್ಸ್‌ಡ್ ಮಾರ್ಷಲ್ ಆರ್ಟ್ಸ್, ಅಂದರೆ ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಕಾಳಗ) ಅಂದ ತಕ್ಷಣ "ಅಯ್ಯೋ, ಅದು ರಕ್ತ ಬರೋ ಹಾಗೆ ಹೊಡೆದಾಡೋದಲ್ವಾ?" ಅನ್ನುವವರೇ ಜಾಸ್ತಿ. ಗರಡಿಯ ಹಿರಿಯರೂ ಹೀಗೇ ಅನ್ನುತ್ತಾರೆ. ಅವರ ಮೇಲೆ ನನಗೆ ತುಂಬಾ ಗೌರವ. ಆದರೆ ಈ ಮಾತನ್ನು ನಾನು ಒಪ್ಪುವುದಿಲ್ಲ, ಯಾಕಂದರೆ ಆ ಆಟದ ಮೂಲವೇ ಕುಸ್ತಿ.

ಕ್ರಿ.ಪೂ. 648ರಲ್ಲೇ ಗ್ರೀಕರ ಒಲಿಂಪಿಕ್ಸ್‌ನಲ್ಲಿ ಪ್ಯಾಂಕ್ರೇಷನ್ ಅನ್ನುವ ಕಾಳಗ ಇತ್ತು. ಗುದ್ದಬಹುದು, ಒದೆಯಬಹುದು, ಕೆಡವಿ ಕತ್ತು ಹಿಸುಕಬಹುದು. ಕಚ್ಚುವ ಹಾಗಿಲ್ಲ, ಕಣ್ಣಿಗೆ ಬೆರಳು ಹಾಕುವ ಹಾಗಿಲ್ಲ. ನಮ್ಮ ಮೈಸೂರು ದಸರಾದ ವಜ್ರಮುಷ್ಟಿ ಕಾಳಗದಲ್ಲಂತೂ ಜಟ್ಟಿಗಳ ತಲೆಯಿಂದ ರಕ್ತ ಬಂದರೇ ಆಟ ಮುಗಿಯೋದು. ಅದನ್ನು ಕೈಮುಗಿದು ನೋಡುವ ನಾವು ಇದಕ್ಕೆ ಯಾಕೆ ಮುಖ ಸಿಂಡರಿಸಬೇಕು?

ಈಗಿನ ಎಂಎಂಎ ಬೆಳೆದ ದಾರಿಯೂ ನೆಲದ ಪಟ್ಟುಗಳದ್ದೇ. ಜಪಾನಿನ ಜೂಡೋ ಪಟು ಮಿತ್ಸುಯೊ ಮಯೆದ 1914ರಲ್ಲಿ ಬ್ರೆಜಿಲ್‌ಗೆ ಹೋದರು, ಅಲ್ಲಿ ಅವರ ವಿದ್ಯೆ ಗ್ರೇಸಿ ಕುಟುಂಬಕ್ಕೆ ಸಿಕ್ಕಿತು. 1993ರ ನವೆಂಬರ್‌ನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ (ಎಂಎಂಎಯ ದೊಡ್ಡ ಪಂದ್ಯಾವಳಿ) ನಡೆದಾಗ, ತೂಕದ ವಿಭಾಗವೇ ಇಲ್ಲದ ಆ ಅಖಾಡಕ್ಕೆ ಆ ಮನೆಯ ರಾಯ್ಸ್ ಗ್ರೇಸಿ ಇಳಿದರು. ಎಂಬತ್ತು ಕೆಜಿ ಆಸುಪಾಸಿನ ಸಣಕಲು ಮೈ. ನೂರು ಕೆಜಿ ಹತ್ತಿರ ಇದ್ದ ಕೆನ್ ಶಾಮ್ರಾಕ್‌ಗೆ ಒಂದು ನಿಮಿಷದೊಳಗೆ ಕತ್ತಿನ ಪಟ್ಟು ಹಾಕಿ ಸೋಲೊಪ್ಪಿಸಿದರು. ಒಂದೇ ರಾತ್ರಿ ಮೂವರನ್ನು ಗೆದ್ದರು.

ಹಾಗಂತ ಪೈಲ್ವಾನ್ ನೇರವಾಗಿ ಹೋಗಿ ಗೆದ್ದುಬಿಡ್ತಾನೆ ಅಂತಲ್ಲ. ಇಲ್ಲೇ ನಮ್ಮ ಊರಲ್ಲಿ ತಾಲೀಮಿನ ಹೊತ್ತಲ್ಲಿ ನೋಡಿದ್ದು ಹೇಳ್ತೀನಿ. ಗರಡಿಯ ಹುಡುಗ, ಒಳ್ಳೇ ಕಸುವು, ಎದುರಾಳಿಯ ಎರಡೂ ಕಾಲಿಗೆ ಕೈಹಾಕಿ ಎತ್ತಿ ಮ್ಯಾಟ್ ಮೇಲೆ ಕೆಡವಿದ. ಮಟ್ಟಿಯಲ್ಲಾಗಿದ್ದರೆ ಚಿತ್, ಗೆದ್ದಾಯ್ತು. ಇಲ್ಲಿ ಕೆಳಗೆ ಬಿದ್ದವನು ಬೆನ್ನ ಮೇಲೇ ಮಲಗಿ, ಇವನ ಸೊಂಟಕ್ಕೆ ಎರಡೂ ಕಾಲು ಸುತ್ತಿ, ಕೈ ಎಳೆದು ಪಕ್ಕಕ್ಕೆ ಉರುಳಿಸಿದ. ಈಗ ಕೆಳಗಾದ ನಮ್ಮ ಹುಡುಗ ಬೆನ್ನು ನೆಲಕ್ಕೆ ತಾಗಬಾರದು ಅಂತ ಅಭ್ಯಾಸಬಲದಿಂದ ಬೋರಲಾದ. ಅಷ್ಟೇ! ಮೇಲಿದ್ದವನು ಬೆನ್ನಿಗೆ ಅಂಟಿಕೊಂಡು ಗದ್ದದ ಕೆಳಗೆ ತೋಳು ತೂರಿಸಿ ಕತ್ತು ಬಿಗಿದುಬಿಟ್ಟ. ಹುಡುಗ ಸೋಲೊಪ್ಪಿ ಮ್ಯಾಟ್ ತಟ್ಟಿದ. ತಟ್ಟಿದ ಕ್ಷಣ ಹಿಡಿತ ಸಡಿಲ, ಇಬ್ಬರೂ ಎದ್ದು ಕೈ ಕುಲುಕಿ ಮತ್ತೆ ಶುರು. ಗರಡಿ ಕಲಿಸಿದ ಕಾಲೆಳೆತ ಚಿನ್ನ. ಕೆಡವಿದ ಮೇಲಿನ ವಿದ್ಯೆ ಮಾತ್ರ ಹೊಸದಾಗಿ ಕಲಿಯಬೇಕು.

ಕಲಿತರೆ ದಾರಿ ಇದೆ. ಕುಸ್ತಿ ಮನೆತನದ ರಿತು ಫೋಗಟ್ 2019ರಲ್ಲೇ ಎಂಎಂಎಗೆ ಬಂದರು. 2024ರ ಜೂನ್‌ನಲ್ಲಿ ಪೂಜಾ ತೋಮರ್ ಯುಎಫ್‌ಸಿಯಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯರಾದರು. ನಮ್ಮ ಹಾಸನ, ಅರಸೀಕೆರೆ, ಚನ್ನರಾಯಪಟ್ಟಣದ ಮಕ್ಕಳಿಗೆ ಯಾಕೆ ಆಗಲ್ಲ?

ನನಗೆ ಭಯ ಇರೋದು ಆಟದ ಬಗ್ಗೆ ಅಲ್ಲ, ಆಡಿಸುವವರ ಬಗ್ಗೆ. ಡಾಕ್ಟರ್ ಇಲ್ಲ, ಆಂಬುಲೆನ್ಸ್ ಇಲ್ಲ, ಬರೀ ಫ್ಲೆಕ್ಸ್ ಕಟ್ಟಿ ಟೂರ್ನಮೆಂಟ್ ಮಾಡೋರಿದ್ದಾರೆ. ಕಡಿಮೆ ತೂಕದ ವಿಭಾಗದಲ್ಲಿ ಆಡಿಸಲು ತೂಕ ಇಳಿಸೋಕೆ ನೀರು ಬಿಡಿಸಿ, ಬೆವರು ಹರಿಸಿ, ಹದಿಹರೆಯದ ಹುಡುಗರನ್ನು ಒಣಗಿಸೋರೂ ಇದ್ದಾರೆ. 2015ರಲ್ಲಿ ಚೀನಾದ ಫೈಟರ್ ಒಬ್ಬ ಹೀಗೆ ತೂಕ ಇಳಿಸುವಾಗಲೇ ತೀರಿಕೊಂಡ. ಅಪ್ಪ ಅಮ್ಮಂದಿರು ಫೀಸು ಕಟ್ಟುವ ಮೊದಲು ಕೋಚ್‌ಗೆ ನೇರವಾಗಿ ಕೇಳಿ: ತಲೆಗೆ ಪೆಟ್ಟು ಬಿದ್ದರೆ ಎಷ್ಟು ದಿನ ರೆಸ್ಟ್ ಕೊಡ್ತೀರಿ? ತೂಕ ಹೇಗೆ ಇಳಿಸ್ತೀರಿ? ಸರಿಯಾದ ಉತ್ತರ ಬರದಿದ್ದರೆ ಮಗುವನ್ನು ಕರೆದುಕೊಂಡು ಎದ್ದು ಬನ್ನಿ.

ಗರಡಿಯ ಉಸ್ತಾದರಿಗೂ ಒಂದು ಕೋರಿಕೆ. ಬೈಯುವ ಮೊದಲು ಒಂದು ಸಂಜೆ ಬಂದು ತಾಲೀಮು ನೋಡಿ. ನಿಮ್ಮ ಒಂದೆರಡು ಪಟ್ಟು ಈ ಹುಡುಗರಿಗೂ ಹೇಳಿಕೊಡಿ, ಅವರು ಕಾಯ್ತಾ ಇದ್ದಾರೆ.