ಡ್ರೈವರ್ ತಪ್ಪು, ಇಲ್ಲಾಂದ್ರೆ ಹಣೆಬರಹ

ಕಲಬುರಗಿಯ ಮನೆಗೆ ಫೋನ್ ಮಾಡಿದಾಗ ಆಗಾಗ ಯಾವುದಾದರೂ ಅಪಘಾತದ ಸುದ್ದಿ ಬರುತ್ತದೆ. ಸುದ್ದಿ ಮುಗಿದ ಮೇಲೆ ಮಾತು ಹೋಗುವುದು ಎರಡೇ ದಿಕ್ಕಿಗೆ. ಒಂದು, ‘ಡ್ರೈವರ್ ಕುಡದಿದ್ನಂತ.’ ಇನ್ನೊಂದು, ‘ಅವರ ಹಣೆಬರಹ ತಮ್ಮಾ, ಯಾರೇನ್ ಮಾಡ್ಲಿಕ್ ಬರ್ತದ.’ ಅಲ್ಲಿಗೆ ವಿಷಯ ಬಂದ್. ರಸ್ತೆ ಹೇಗಿತ್ತು, ಲೈಟ್ ಇತ್ತಾ, ಲಾರಿ ಯಾಕೆ ಅಲ್ಲೇ ನಿಂತಿತ್ತು ಅಂತ ಕೇಳುವವರಿಲ್ಲ. ಮರುದಿನದ ಪತ್ರಿಕೆಯಲ್ಲೂ ‘ಅತಿವೇಗ ಮತ್ತು ನಿರ್ಲಕ್ಷ್ಯ’ ಅಂತ ಬರೆದರೆ ಮುಗಿಯಿತು.

ನಾನು ಕೆಲಸಕ್ಕೆ ಬಂದು ನೆಲೆಸಿರುವುದು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ. ಇಲ್ಲಿ ರಸ್ತೆಯಲ್ಲಿ ಸಾವಾದರೆ ಪೊಲೀಸರು ಕೇಸು ನೋಡುತ್ತಾರೆ, ಅದು ಎಲ್ಲ ಕಡೆ ಇದ್ದದ್ದೇ. ಅದರ ಜೊತೆಗೆ ರಸ್ತೆಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಟ್ರಾಫಿಕ್‌ವರ್ಕೆಟ್ ಬೇರೆಯಾಗಿ ತನ್ನದೇ ಪರಿಶೀಲನೆ ಮಾಡುತ್ತದೆ. ಪ್ರತಿಯೊಂದು ಸಾವಿಗೂ. ಯಾರ ಮೇಲೆ ಕೇಸು ಹಾಕಬೇಕು ಅನ್ನುವುದು ಅವರ ಕೆಲಸವಲ್ಲ. ಬೆಲ್ಟ್ ಹಾಕಿದ್ದರಾ, ಪಕ್ಕದಲ್ಲಿ ಮರವೋ ಬಂಡೆಯೋ ಇತ್ತಾ, ಎದುರಿನ ಗಾಡಿ ಈ ಕಡೆ ಬರದಂತೆ ನಡುವೆ ತಡೆ ಇತ್ತಾ, ಇಂಥವನ್ನು ನೋಡುತ್ತಾರೆ. 1997ರಲ್ಲಿ ಇಲ್ಲಿನ ಸಂಸತ್ತು ‘ವಿಷನ್ ಝೀರೋ’ ಅನ್ನುವ ನೀತಿಯನ್ನು ಒಪ್ಪಿತು. ಮನುಷ್ಯ ತಪ್ಪು ಮಾಡೇ ಮಾಡುತ್ತಾನೆ, ಆ ತಪ್ಪಿಗೆ ಅವನ ಜೀವ ಹೋಗಬಾರದು, ಹಾಗೆ ರಸ್ತೆ ಕಟ್ಟುವುದು ಕಟ್ಟುವವರ ಹೊಣೆ. ಅದರ ತಿರುಳು ಇಷ್ಟೇ.

ಊರಲ್ಲಿ ಇದನ್ನು ಹೇಳಿದರೆ ತಕ್ಷಣ ಉತ್ತರ ಬರುತ್ತದೆ: ‘ಅಲ್ಲಿ ಜನ ಶಿಸ್ತಿನವರು ಬಿಡ್ರಿ. ನಮ್ಮೋರಿಗೆ ಬಡದು ಹೇಳಿದ್ರೂ ತಿಳಿಯಂಗಿಲ್ಲ.’ ಈ ಮಾತು ಕೇಳಿದರೆ ನನಗೆ ಸಿಟ್ಟೇ ಬರುತ್ತದೆ. ಇದೇ ಸ್ವೀಡನ್ನಿನಲ್ಲಿ 1960ರ ದಶಕದ ನಡುವೆ ವರ್ಷಕ್ಕೆ 1,300ರ ಆಸುಪಾಸು ಜನ ರಸ್ತೆಯಲ್ಲಿ ಸಾಯುತ್ತಿದ್ದರು. 2022ರಲ್ಲಿ ಸತ್ತವರು 227. ಅವರೇ ಜನ, ಅವರ ಮಕ್ಕಳು ಮೊಮ್ಮಕ್ಕಳು. ಗಾಡಿಗಳು ಮಾತ್ರ ಆಗಿಗಿಂತ ಎಷ್ಟೋ ಜಾಸ್ತಿ. ಇನ್ನು ಶಿಸ್ತಿನ ಮಾತು. ಈಗಲೂ ಇಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ವಾಹನಗಳು ವೇಗದ ಮಿತಿ ದಾಟಿಯೇ ಓಡುತ್ತವೆ. ಅದೇ 2022ರಲ್ಲಿ ಕರ್ನಾಟಕದಲ್ಲಿ ರಸ್ತೆಯಲ್ಲಿ ಸತ್ತವರು 11,702. ನಮ್ಮ ಜನಸಂಖ್ಯೆ ದೊಡ್ಡದು, ನಿಜ. ಅದನ್ನು ಲೆಕ್ಕಕ್ಕೆ ಹಿಡಿದರೂ ನಮ್ಮದು ಏಳೆಂಟು ಪಟ್ಟು ಆಗುತ್ತದೆ.

ಇವರು ಏನು ಮಾಡಿದರು? ಒಂದು ಉದಾಹರಣೆ ಹೇಳುತ್ತೇನೆ. ಇಲ್ಲಿ 13 ಮೀಟರ್ ಅಗಲದ ದ್ವಿಪಥ ರಸ್ತೆಗಳು ಬಹಳ ಇದ್ದವು. ಓವರ್‌ಟೇಕ್ ಮಾಡಲು ಹೋಗಿ ಎದುರಾಬದುರಾ ಗುದ್ದಿ ಸಾಯುವವರೇ ಜಾಸ್ತಿ. 1998ರಲ್ಲಿ ಅಂಥ ಒಂದು ರಸ್ತೆಯಲ್ಲಿ ನಡುವೆ ಉಕ್ಕಿನ ಹಗ್ಗದ ಬೇಲಿ ಎಳೆದು ನೋಡಿದರು. ಸ್ವಲ್ಪ ದೂರ ಈ ಕಡೆಗೆ ಎರಡು ಲೇನ್, ಆ ಕಡೆಗೆ ಒಂದು. ಮುಂದೆ ಅದಲುಬದಲು. ಓವರ್‌ಟೇಕ್ ಮಾಡಬೇಕಾದರೆ ನಿನ್ನ ಎರಡು ಲೇನ್ ಬರುವತನಕ ಕಾಯಿ. ಮೊದಲು ಜನ ಗೊಣಗಿದರು. ಆಮೇಲೆ ನೋಡಿದರೆ ಅಂಥ ರಸ್ತೆಗಳಲ್ಲಿ ಸಾವು ಮುಕ್ಕಾಲು ಭಾಗ ಇಳಿದಿತ್ತು. ಯಾವ ಡ್ರೈವರ್‌ಗೂ ಯಾರೂ ಬುದ್ಧಿ ಹೇಳಲಿಲ್ಲ.

ವೇಗ ಹಿಡಿಯುವ ಕ್ಯಾಮೆರಾ ಕೂಡ ಹಾಗೆಯೇ. ಮುಂದೆ ಕ್ಯಾಮೆರಾ ಇದೆ ಅಂತ ಮೊದಲೇ ಬೋರ್ಡ್ ಇರುತ್ತದೆ. ಗಾಡಿ ನಿಧಾನವಾದರೆ ಸಾಕು, ದಂಡ ಬರದಿದ್ದರೂ ಚಿಂತೆಯಿಲ್ಲ ಅನ್ನುವ ಲೆಕ್ಕ. ನಮ್ಮಲ್ಲಿ ಬೇವಿನ ಮರದ ಹಿಂದೆ ನಿಂತು ಹೆಲ್ಮೆಟ್ ಇಲ್ಲದವನ ಮುಂದೆ ದಿಢೀರ್ ಅಂತ ಹಾರುವುದು ಇದೆಯಲ್ಲ, ಅದಕ್ಕೂ ಇದಕ್ಕೂ ಇರುವ ದೂರ ನೋಡಿ. ಹಾಗಂತ ಹೆಲ್ಮೆಟ್ ಬೇಡ ಅನ್ನುತ್ತಿಲ್ಲ ಮತ್ತೆ. ಅದು ತಲೆಗೆ ಬೀಳುವ ಪೆಟ್ಟನ್ನು ಎಷ್ಟು ತಗ್ಗಿಸುತ್ತದೆ ಅನ್ನುವುದಕ್ಕೆ ಬೇಕಾದಷ್ಟು ಅಧ್ಯಯನಗಳಿವೆ.

ಇದನ್ನೆಲ್ಲ ಹಾಗೇ ಎತ್ತಿ ತಂದು ಜೇವರ್ಗಿ ರಸ್ತೆಯಲ್ಲಿ ಹಾಕಲು ಆಗುವುದಿಲ್ಲ. ಸ್ವೀಡನ್ನಿನಲ್ಲಿ ರಸ್ತೆಯ ಮೇಲೆ ಹೆಚ್ಚಾಗಿ ಕಾರಿನವರು. ನಮ್ಮಲ್ಲಿ 2022ರಲ್ಲಿ ದೇಶದಾದ್ಯಂತ ಸತ್ತ 1,68,491 ಮಂದಿಯಲ್ಲಿ ಬೈಕು ಸ್ಕೂಟರಿನವರೇ ಶೇ 44.5. ನಡೆದು ಹೋಗುತ್ತಿದ್ದವರು ಶೇ 19.5. ದೆಹಲಿ ಐಐಟಿಯ ರಸ್ತೆ ಸುರಕ್ಷತೆಯ ತಜ್ಞ ದಿನೇಶ್ ಮೋಹನ್ ದಶಕಗಳ ಕಾಲ ಇದನ್ನೇ ಹೇಳುತ್ತಾ ಬಂದರು: ಕಾರುಗಳ ದೇಶದಲ್ಲಿ ಹುಟ್ಟಿದ ಮದ್ದು ನಮಗೆ ಸಾಲುವುದಿಲ್ಲ, ನಮ್ಮ ರಸ್ತೆಯಲ್ಲಿ ಯಾರು ಓಡಾಡುತ್ತಾರೆ ಅಂತ ನಾವೇ ನೋಡಿ ಹುಡುಕಬೇಕು. 2021ರಲ್ಲಿ ಅವರು ತೀರಿಕೊಂಡರು.

ನಾವೇ ನೋಡುವುದು ಅಂದರೆ ಏನು? ಹೈವೇ ಡಿವೈಡರ್ ಒಡೆದು ದಾರಿ ಮಾಡಿಕೊಂಡಿರುವುದನ್ನು ನಮ್ಮ ಕಡೆಯ ಎಲ್ಲರೂ ನೋಡಿದ್ದಾರೆ. ಎರಡು ಕಲ್ಲು ಕಿತ್ತು, ಮಣ್ಣು ತುಂಬಿ, ಬೈಕು ಹಾಯುವಷ್ಟು ಸಂದಿ. ‘ಅನಾಗರಿಕರು’ ಅಂತ ಬೈದು ಮುಂದೆ ಹೋಗುತ್ತೇವೆ. ಆದರೆ ಒಮ್ಮೆ ಅಲ್ಲಿ ನಿಂತು ನೋಡಿ. ಈ ಕಡೆ ಊರು, ಆ ಕಡೆ ಹೊಲ. ಎತ್ತು, ಎಮ್ಮೆ, ಬುತ್ತಿ ಹೊತ್ತ ಅವ್ವ, ಬೈಕಿಗೆ ಹಾಲಿನ ಕ್ಯಾನ್ ಕಟ್ಟಿದ ಹುಡುಗ, ಎಲ್ಲರೂ ದಿನಾ ದಾಟಬೇಕು. ಸರ್ಕಾರ ಬಿಟ್ಟ ದಾರಿ ಎಲ್ಲೋ ಮುಂದಿದೆ. ಅಲ್ಲಿತನಕ ಹೋಗಿ ತಿರುಗಿ ಬರಲು ಪೆಟ್ರೋಲ್ ಬೇಕು, ಹೊತ್ತು ಬೇಕು, ಎಮ್ಮೆಗೂ ತಾಳ್ಮೆ ಬೇಕು. ಹಾಗಾಗಿ ಸಂದಿ ಹುಟ್ಟುತ್ತದೆ. ರಾಂಗ್ ಸೈಡಿನಲ್ಲಿ ಬರುವ ಟ್ರ್ಯಾಕ್ಟರ್ ಕಥೆಯೂ ಇದೇ. ಮುಚ್ಚಿದ ಸಂದಿಯನ್ನು ಜನ ಮತ್ತೆ ಒಡೆದರು ಅಂದರೆ ಅಲ್ಲೊಂದು ಕೆಳಸೇತುವೆಯೋ, ನಿಧಾನ ಮಾಡಿಸಿ ದಾಟಿಸುವ ಜಾಗವೋ ಬೇಕು ಅಂತ ಊರೇ ಅರ್ಜಿ ಕೊಟ್ಟ ಹಾಗೆ. ಓದುವವರು ಬೇಕಷ್ಟೆ.

ನಿಧಾನ ಮಾಡಿಸುವುದು ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಹಂಪ್ಸ್. ಅದಕ್ಕೂ ಅಳತೆ ಇದೆ. ದೇಶದ ರಸ್ತೆಗಳ ಮಾನದಂಡ ಬರೆಯುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಗುಂಡನೆಯ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಅದರ ಮೇಲೆ ಆರಾಮಾಗಿ ಹೋಗಬಹುದು. ನಮ್ಮ ಹಳ್ಳಿಗಳ ಮುಂದಿನದು ಒಂದು ಮೊಳ ಅಗಲದ ಡಾಂಬರಿನ ಗುಡ್ಡೆ. ಬಿಳಿ ಬಣ್ಣವಿಲ್ಲ, ಬೋರ್ಡಿಲ್ಲ. ಕತ್ತಲಲ್ಲಿ ಬೈಕ್ ಹಾರುತ್ತದೆ, ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತ ಹೆಂಗಸು ಬೀಳುತ್ತಾಳೆ. ಆಮೇಲೆ ಅದೂ ‘ನಿರ್ಲಕ್ಷ್ಯ’ದ ಲೆಕ್ಕಕ್ಕೆ ಸೇರುತ್ತದೆ.

ಕತ್ತಲ ವಿಷಯ ಬಂತು ನೋಡಿ. 2025ರ ಏಪ್ರಿಲ್‌ನಲ್ಲಿ ಜೇವರ್ಗಿ ತಾಲ್ಲೂಕಿನ ನೆಲೋಗಿ ಕ್ರಾಸ್ ಹತ್ತಿರ ನಸುಕಿನಲ್ಲಿ ಒಂದು ವ್ಯಾನ್ ನಿಂತ ಲಾರಿಗೆ ಗುದ್ದಿತು. ಐದು ಜನ ಸತ್ತರು. ಬಾಗಲಕೋಟೆ ಕಡೆಯಿಂದ ಕಲಬುರಗಿಯ ಖ್ವಾಜಾ ಬಂದೇನವಾಜ್ ದರ್ಗಾಕ್ಕೆ ಹೊರಟವರು. ಡ್ರೈವರ್‌ಗೆ ನಿದ್ದೆ ಬಂದಿರಬಹುದು, ಬಂದಿರಲಿಕ್ಕಿಲ್ಲ. ನಾನು ಕೇಳುವುದು ಬೇರೆ. ರಾತ್ರಿ ಲಾರಿಗಳು ಎಲ್ಲಿ ನಿಲ್ಲಬೇಕು? ಅಷ್ಟು ಉದ್ದದ ರಸ್ತೆಯಲ್ಲಿ ಅವುಗಳಿಗೆ ಜಾಗ ಎಷ್ಟಿದೆ? ಕೆಟ್ಟು ನಿಂತರೆ ಕ್ಲೀನರ್ ಹುಡುಗ ಹಿಂದೆ ನಾಲ್ಕು ಕಲ್ಲಿಟ್ಟು, ಜಾಲಿ ಟೊಂಗಿ ಚುಚ್ಚುತ್ತಾನೆ. ರಿಪೇರಿಯಾಗಿ ಲಾರಿ ಹೋಗುತ್ತದೆ, ಕಲ್ಲು ಅಲ್ಲೇ ಇರುತ್ತವೆ. ಕಬ್ಬಿನ ಸೀಜನ್ನಿನಲ್ಲಿ ಆಳಂದ, ಅಫಜಲಪುರ ಕಡೆ ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರ್‌ಗಳ ಹಿಂದೆ ಲೈಟೂ ಇಲ್ಲ, ರೇಡಿಯಂ ಪಟ್ಟಿಯೂ ಇಲ್ಲ. ಸ್ವೀಡನ್ನಿನಲ್ಲಿ ಚಳಿಗಾಲದಲ್ಲಿ ಶಾಲೆಗೆ ಹೋಗುವ ಮಕ್ಕಳ ಜಾಕೆಟ್ಟಿಗೂ ಹೊಳೆಯುವ ಬಿಲ್ಲೆ ತೂಗುತ್ತಿರುತ್ತದೆ. ಕಬ್ಬು ತೂಗುವಾಗಲೇ ಕಾರ್ಖಾನೆಯವರು ರೇಡಿಯಂ ಇಲ್ಲದ ಟ್ರಾಲಿಯನ್ನು ಹೊರಗೆ ನಿಲ್ಲಿಸಿದರೆ ಒಂದೇ ವಾರದಲ್ಲಿ ಎಲ್ಲಾ ಟ್ರಾಲಿಗೂ ಪಟ್ಟಿ ಬರುತ್ತದೆ.

ನಮ್ಮ ಕಾನೂನಿನಲ್ಲೂ ರಸ್ತೆ ಕಟ್ಟಿದವರ ಹೊಣೆ ಇಲ್ಲವೆಂದೇನಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆ ತಿದ್ದಿದಾಗ 198ಎ ಅನ್ನುವ ಸೆಕ್ಷನ್ ಸೇರಿಸಿದರು. ರಸ್ತೆಯ ವಿನ್ಯಾಸ, ಕಟ್ಟುವಿಕೆ, ನಿರ್ವಹಣೆಯಲ್ಲಿ ಸುರಕ್ಷತೆಯ ಮಾನದಂಡ ಪಾಲಿಸದೆ ಸಾವೋ ಅಂಗವೈಕಲ್ಯವೋ ಆದರೆ ಇಲಾಖೆ, ಗುತ್ತಿಗೆದಾರ, ಸಲಹೆಗಾರ, ಯಾರು ಹೊಣೆಯೋ ಅವರಿಗೆ 1 ಲಕ್ಷ ರೂಪಾಯಿವರೆಗೆ ದಂಡ. ಕೋಟಿಗಟ್ಟಲೆ ಕೆಲಸಕ್ಕೆ ಲಕ್ಷದ ದಂಡ ಅಂದರೆ ನಗು ಬರುತ್ತದೆ, ಅಲ್ವಾ? ಆದರೂ ಇದೆ. ಅದೇ ತಿದ್ದುಪಡಿಯ ಹೆಲ್ಮೆಟ್ ದಂಡ ಎಲ್ಲರಿಗೂ ಬಾಯಿಪಾಠ.

ಇನ್ನು ಟಂಟಂ, ಅಂದರೆ ಮಂದಿಯನ್ನು ತುಂಬಿಕೊಂಡು ಹೋಗುವ ಮೂರು ಗಾಲಿಯ ಆಟೋ. ಹತ್ತಿ ಬಿಡಿಸಲು, ಹೊಲದ ಕಸ ತೆಗೆಯಲು ಊರಿಂದ ಊರಿಗೆ ಕೂಲಿಗೆ ಹೋಗುವ ಹೆಂಗಸರ ಗಾಡಿ ಇದು. 2022ರ ನವೆಂಬರ್‌ನಲ್ಲಿ ಬೀದರ್ ಜಿಲ್ಲೆಯ ಬೇಮಳಖೇಡಾ ಹತ್ತಿರ ಕೂಲಿ ಮುಗಿಸಿ ಆಟೋದಲ್ಲಿ ಮನೆಗೆ ಹೊರಟ ಏಳು ಹೆಂಗಸರು ಲಾರಿ ಡಿಕ್ಕಿಯಲ್ಲಿ ಸತ್ತರು. ‘ಅಷ್ಟು ಮಂದಿನ್ನ ತುಂಬಬಾರದಿತ್ತು’ ಅಂದರು ಎಲ್ಲರೂ. ಸರಿ, ಮತ್ತೆ ಅವರು ಏನು ಹತ್ತಬೇಕಿತ್ತು?

ಇದಕ್ಕೆ ಉತ್ತರ ಕೊಡುವ ಲೆಕ್ಕವೇ ನಮ್ಮಲ್ಲಿ ಇಲ್ಲ. 2011ರ ಜನಗಣತಿಯಲ್ಲಿ ಕೆಲಸಕ್ಕೆ ಎಷ್ಟು ದೂರ, ಯಾವುದರಲ್ಲಿ ಹೋಗುತ್ತೀರಿ ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಆದರೆ ರೈತರನ್ನು, ಕೃಷಿ ಕೂಲಿಗಳನ್ನು ಅದರಿಂದ ಹೊರಗಿಟ್ಟರು. ಯಾದಗಿರಿಯಂಥ ಜಿಲ್ಲೆಯಲ್ಲಿ ಅವರನ್ನು ಬಿಟ್ಟರೆ ಉಳಿಯುವವರು ಎಷ್ಟು ಜನ? ಇಲ್ಲಿ ಸ್ವೀಡನ್ನಿನಲ್ಲಿ ಜನರನ್ನು ಆರಿಸಿ, ಆ ದಿನ ಎಲ್ಲೆಲ್ಲಿಗೆ, ಹೇಗೆ, ಯಾಕೆ ಹೋಗಿದ್ದಿರಿ ಅಂತ ಸಮೀಕ್ಷೆ ಮಾಡುತ್ತಾರೆ. ಅಂಗಡಿಗೆ ನಡೆದು ಹೋಗಿದ್ದೂ ಅದರಲ್ಲಿ ಸೇರುತ್ತದೆ.

ನಮ್ಮಲ್ಲಿ ಇನ್ನೊಂದು ಖಜಾನೆ ಸುಮ್ನೆ ಬಿದ್ದಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ ಹತ್ತಿದ ಪ್ರತಿ ಹೆಂಗಸಿಗೂ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದುಕೊಡುತ್ತಾನೆ. ಎಲ್ಲಿಂದ ಎಲ್ಲಿಗೆ, ಎಷ್ಟು ಗಂಟೆಗೆ, ಎಲ್ಲಾ ಮಷಿನ್ನಿನಲ್ಲಿ ದಾಖಲು. ಹೆಸರು ಬೇಕಿಲ್ಲ. ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಮುಖ್ಯ ಕಚೇರಿ ಕಲಬುರಗಿಯಲ್ಲೇ ಇದೆ. ಆ ಟಿಕೆಟ್ ಲೆಕ್ಕವನ್ನು, ಪೊಲೀಸರು ಈಗ ಕಂಪ್ಯೂಟರಿಗೆ ತುಂಬುವ ಅಪಘಾತದ ಜಾಗಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಬಸ್ ಫ್ರೀ ಇದ್ದರೂ ಯಾವ ಹೊತ್ತಿನಲ್ಲಿ, ಯಾವ ದಾರಿಯಲ್ಲಿ ಹೆಂಗಸರು ಇನ್ನೂ ಟಂಟಂ ಹತ್ತುತ್ತಿದ್ದಾರೆ ಅನ್ನುವ ಸುಳಿವು ಸಿಗುತ್ತದೆ. ಬಸ್ ಹೊರಡುವ ಹೊತ್ತಿಗೂ ಕೂಲಿ ಬಿಡುವ ಹೊತ್ತಿಗೂ ತಾಳೆಯಾಗದಿದ್ದರೆ ಫ್ರೀ ಇದ್ದೇನು ಬಂತು?

2027ರ ಜನಗಣತಿಯಲ್ಲಿ ಕೃಷಿ ಕೂಲಿಗಳನ್ನೂ ಈ ಪ್ರಶ್ನೆ ಕೇಳಲಿ. ಅವರು ಕೇಳದಿದ್ದರೆ ನಮ್ಮ ಕಾಲೇಜಿನ ಹುಡುಗರೇ ಕೇಳಬಹುದು. ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಕಡಗಂಚಿಯಲ್ಲಿ, ಆಳಂದ ರಸ್ತೆಯಲ್ಲಿ. ಹಾಳೆ ಪೆನ್ನು ಹಿಡಿದು ಬೆಳಿಗ್ಗೆ ಗೇಟಿನಿಂದ ಹೊರಗೆ ಬಂದರೆ ಸಾಕು, ಮೊದಲನೆಯ ಟಂಟಂಗೆ ಬಹಳ ಹೊತ್ತು ಕಾಯಬೇಕಾಗುವುದಿಲ್ಲ.