ರಂಗೋಲಿ ಪುಡಿ ಮೂಸಿ ನೋಡಿದ ಕಥೆ

ನಿನ್ನೆ ರಾತ್ರಿ 11 ಗಂಟೆ. ಅಕ್ಕನ ಮನೆಯಿಂದ ಸ್ಕೂಟರಲ್ಲಿ ವಾಪಸ್ ಬರುತ್ತಿದ್ದೆ. ರಿಂಗ್ ರೋಡ್ ಪಕ್ಕ ಪೊಲೀಸರು ಬ್ಯಾರಿಕೇಡ್ ಹಾಕಿದ್ದರು. ಊದು ಅಂದರು, ಊದಿದೆ. ಲೈಸೆನ್ಸ್ ಕೇಳಿದರು, ತೋರಿಸಿದೆ. ಇಲ್ಲಿಯವರೆಗೆ ನನ್ನದೇನೂ ತಕರಾರಿಲ್ಲ. ಆಮೇಲೆ "ಡಿಕ್ಕಿ ಓಪನ್ ಮಾಡ್ರೀ" ಅಂದರು.

"ಯಾಕೆ ಸಾರ್?"

"ಚೆಕಿಂಗ್."

ಅಷ್ಟೇ. ಚೆಕಿಂಗ್ ಯಾಕೆ ಅಂದರೆ ಚೆಕಿಂಗಿಗೆ!

ಡಿಕ್ಕಿಯಲ್ಲಿ ಇದ್ದಿದ್ದು ಹುಳಿಯ ಡಬ್ಬಿ, ರೈನ್‌ಕೋಟ್, ಪೇಪರಲ್ಲಿ ಕಟ್ಟಿದ ರಂಗೋಲಿ ಪುಡಿ. ಬಿಳಿ ಪುಡಿ! ಅವರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಒಂದು ಚಿಟಿಕೆ ತಗೊಂಡು ಹೆಬ್ಬೆರಳಲ್ಲಿ ಉಜ್ಜಿದರು. ಮೂಸಿದರು. ಟಾರ್ಚಿಗೆ ಹಿಡಿದರು. ಇನ್ನೊಬ್ಬರನ್ನು ಕರೆದರು, ಅವರೂ ಮೂಸಿದರು. "ರಂಗೋಲಿ ಕಣಯ್ಯಾ" ಅಂತ ತೀರ್ಪು ಬಂತು. ಪೊಟ್ಟಣ ಬಿಚ್ಚಿದ ಹಾಗೇ ಬಿಟ್ಟು ಸೀಟು ಮುಚ್ಚಿದರು.

ನಾನು ಲಾ ಓದಿ, ಕೋರ್ಟ್ ಮೆಟ್ಟಿಲು ಹತ್ತದೆ ಬ್ಯಾಂಕ್ ಸೇರಿದವನು ಅಂತ ನಿಮಗೆಲ್ಲ ಗೊತ್ತು. ಆದರೂ ಹಳೇ ಖಾಯಿಲೆ ಹೋಗಿಲ್ಲ. ಮನೆಗೆ ಬಂದು 1 ಗಂಟೆವರೆಗೆ ಪುಸ್ತಕ ತಿರುವಿ ಹಾಕಿದೆ.

ವಾರಂಟ್ ಇಲ್ಲದೆ ಹುಡುಕಲೇಬಾರದು ಅಂತ ನಾನು ಹೇಳುತ್ತಿಲ್ಲ. ಕಾನೂನೂ ಹಾಗೆ ಹೇಳಲ್ಲ. ನಾಗರಿಕ ಸುರಕ್ಷಾ ಸಂಹಿತೆಯ (ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ಕಾನೂನು) 185ನೇ ಸೆಕ್ಷನ್ ಪ್ರಕಾರ ತನಿಖೆಯ ತುರ್ತಿದ್ದರೆ ವಾರಂಟ್ ಇಲ್ಲದೆಯೂ ಹುಡುಕಬಹುದು. ಆದರೆ ಯಾಕೆ ಹುಡುಕುತ್ತೇನೆ, ಏನನ್ನು ಹುಡುಕುತ್ತೇನೆ ಅಂತ ಮೊದಲು ಬರೆದಿಡಬೇಕು. ಆ ಬರಹದ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬೇಕು. ಈಗಂತೂ ವಿಡಿಯೋ ಕೂಡ ಮಾಡಬೇಕು. ಅಂದರೆ ಕಾರಣ ಮೊದಲು, ಡಿಕ್ಕಿ ಆಮೇಲೆ. ನಮ್ಮಲ್ಲಿ ಡಿಕ್ಕಿ ಮೊದಲು. ಕಾರಣ ಡಿಕ್ಕಿಯೊಳಗೆ ಸಿಕ್ಕರೆ ಸಿಕ್ಕಿತು.

ಅಮೆರಿಕದವರನ್ನೇ ನೋಡಿ. 1921ರಲ್ಲಿ, ಪಾನನಿಷೇಧದ ಕಾಲದಲ್ಲಿ, ಕ್ಯಾರೊಲ್ ಅನ್ನುವವನ ಕಾರಿನ ಸೀಟು ಹರಿದು 68 ಬಾಟಲಿ ಹೆಂಡ ತೆಗೆದರು. ವಾರಂಟ್ ತರುವಷ್ಟರಲ್ಲಿ ಕಾರು ಓಡಿಹೋಗುತ್ತೆ, ಅದಕ್ಕೇ ಕಾರಿಗೆ ವಾರಂಟ್ ಬೇಡ ಅಂತ 1925ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. (ನಮ್ಮ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ವಾರಂಟ್ ಟೈಪ್ ಮಾಡಿಸಿ, ಸೀಲ್ ಹಾಕಿಸಿ, ಓದಿ ಹೇಳುವಷ್ಟು ಟೈಮ್ ಇರುತ್ತೆ, ಆ ಮಾತು ಬೇರೆ.) 1991ರಲ್ಲಿ ಕಾರಿನ ಡಿಕ್ಕಿಯಲ್ಲಿರುವ ಕಾಗದದ ಚೀಲಕ್ಕೂ ಅದನ್ನೇ ಹೇಳಿದರು. ಆದರೆ ಇಷ್ಟೆಲ್ಲ ಸಲೀಸು ಕೊಟ್ಟ ಅವರೂ, ಬಲವಾದ ಅನುಮಾನ ಮೊದಲೇ ಇರಬೇಕು ಅನ್ನುವುದನ್ನು ಬಿಡಲಿಲ್ಲ. "ಚೆಕಿಂಗ್" ಅಂದರೆ ಅನುಮಾನ ಅಲ್ಲ.

"ಡ್ರಗ್ಸ್ ಜಾಸ್ತಿ ಆಗಿದೆ, ತಪ್ಪು ಮಾಡದವನಿಗೆ ಏನು ಭಯ?" ಅಂತ ಕಾಮೆಂಟ್ ಹಾಕಲು ಹೊರಟವರಿಗೆ ಒಂದು ಮಾತು. ನಾನು ಅಲ್ಲಿ ನಿಂತ ಇಪ್ಪತ್ತು ನಿಮಿಷದಲ್ಲಿ ಎಷ್ಟೋ ದೊಡ್ಡ ಕಾರುಗಳು ಹೋದವು. ಒಂದರ ಡಿಕ್ಕಿಯನ್ನೂ ತೆಗೆಸಲಿಲ್ಲ. ಡ್ರಗ್ಸ್ ಏನು ಸ್ಕೂಟರಲ್ಲಿ ಮಾತ್ರ ಓಡಾಡುತ್ತಾ? ಇನ್ನೊಂದು, ಹರಿಯಾಣದ ಬೂಟಾ ಸಿಂಗ್ ಕೇಸ್. ಜೀಪಲ್ಲಿ ಗಸಗಸೆ ಗಿಡದ ಸಿಪ್ಪೆಯ ಚೀಲ ಸಿಕ್ಕಿತ್ತು. ಸಾರ್ವಜನಿಕ ರಸ್ತೆಯಲ್ಲಿದ್ದರೂ ಅದು ಖಾಸಗಿ ವಾಹನ, ಎನ್‌ಡಿಪಿಎಸ್ ಕಾಯ್ದೆಯ (ಡ್ರಗ್ಸ್ ತಡೆಯುವ ಕಾನೂನು) 42ನೇ ಸೆಕ್ಷನ್ ಪ್ರಕಾರ ಕಾರಣ ಬರೆದಿಡಬೇಕಿತ್ತು, ಬರೆದಿಲ್ಲ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಆರೋಪಿಗಳನ್ನು ಬಿಟ್ಟು ಕಳಿಸಿತು. ಬರೆಯುವ ಸೋಮಾರಿತನಕ್ಕೆ ಲಾಭ ಯಾರಿಗೆ, ನೀವೇ ಹೇಳಿ.

ನನ್ನ ಪುಡಿ ಹಾಗಿರಲಿ. ಪಕ್ಕದಲ್ಲಿ ಒಬ್ಬ ಡೆಲಿವರಿ ಹುಡುಗನನ್ನು ನಿಲ್ಲಿಸಿದ್ದರು. ಅವನ ಬೆನ್ನಿನ ಬ್ಯಾಗ್ ಇಳಿಸಿ, ಒಳಗಿದ್ದ ಪೊಟ್ಟಣಗಳನ್ನು ಒಂದೊಂದಾಗಿ ಬೈಕ್ ಸೀಟಿನ ಮೇಲೆ ಜೋಡಿಸಿದರು. ಫೋನು ಬಡಿದುಕೊಳ್ಳುತ್ತಲೇ ಇತ್ತು. "ಅಣ್ಣಾ, ಲೇಟಾಗ್ತಿದೆ" ಅಂತ ಎರಡು ಸಲ ಅಂದ. ಡ್ರಗ್ಸ್ ಅನುಮಾನದಲ್ಲಿ ಮೈ ತಡಕಬೇಕಾದರೆ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರು ಮಾಡಿ ಅಂತ ಕೇಳುವ ಹಕ್ಕಿದೆ, ಅದನ್ನು ಮೊದಲೇ ತಿಳಿಸಬೇಕು. ಆದರೆ ಬ್ಯಾಗು ಮೈ ಅಲ್ಲ ಅಂತ 2005ರಲ್ಲೇ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ಆ ಹುಡುಗನ ಶರ್ಟಿನ ಮೇಲೆ ಬ್ಯಾಗಿನ ಪಟ್ಟಿ ಒತ್ತಿದ ಜಾಗದಲ್ಲಿ ಎರಡು ಬೆವರಿನ ಗೆರೆ ಇತ್ತು. ದಿನಕ್ಕೆ ಎಷ್ಟು ಗಂಟೆ ಹೊರುತ್ತಾನೋ. ಮೈ ಅಲ್ಲವಂತೆ.

ಈಗ ನಿಜ ಹೇಳಿಬಿಡುತ್ತೇನೆ. ಇಷ್ಟೆಲ್ಲ ಸೆಕ್ಷನ್ ಬರೆದ ನಾನು ಅಲ್ಲಿ ಬಾಯೇ ಬಿಡಲಿಲ್ಲ. "ಯಾಕೆ ಸಾರ್" ಅಂದಿದ್ದೂ ಮೆಲ್ಲಗೆ, ಹಲ್ಲು ಕಿರಿದುಕೊಂಡು. ಹುಡುಗನ ಪರವಾಗಿ ಒಂದು ಮಾತಾಡಲಿಲ್ಲ. ಬೇಗ ಬಿಟ್ಟರೆ ಸಾಕಪ್ಪಾ ಅನಿಸಿತ್ತು. ಹೊರಡುವಾಗ "ಥ್ಯಾಂಕ್ಯೂ ಸಾರ್" ಬೇರೆ ಅಂದೆ. ಯಾವುದಕ್ಕೆ ಥ್ಯಾಂಕ್ಯೂ?

ಬೆಳಿಗ್ಗೆ ಸೀಟು ಎತ್ತಿದರೆ ಆರ್‌ಸಿ, ಇನ್ಶೂರೆನ್ಸ್, ರೈನ್‌ಕೋಟ್ ಎಲ್ಲ ಬಿಳಿ ಬಿಳಿ. ಹುಳಿ ಡಬ್ಬಿಯ ಮುಚ್ಚಳದ ಸಂದಿಗೂ ಹೋಗಿದೆ. "ಅಕ್ಕ ಕೊಟ್ಟಿದ್ದು ಇಷ್ಟೇನಾ?" ಅಂತ ನನ್ನವಳು ಪೊಟ್ಟಣ ಹಿಡಿದು ಕೇಳಿದಳು. "ಹೂಂ, ಇಷ್ಟೇ" ಅಂದೆ.